ಎಫುವಮ್ಮನನ್ನು ಎತ್ತುವ ತನಕ

ಕಾಫಿಗೆ ಹಾಲು ಕಾಯಿಸುತ್ತಿದ್ದೆ. ಕ್ವೇಸಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. "ಅಮ್ಮ, ನಮ್ಮಮ್ಮ ಹೋಗ್ಬಿಟ್ರು" ಅಂದ. ನೀರಿನ ಕ್ಯಾನು ಖಾಲಿಯಾಯಿತು ಎನ್ನುವವನ ಹಾಗೆ ಮೆತ್ತಗೆ ಹೇಳಿದ. ಎಲ್ಲಿಗೆ ಹೋದರಪ್ಪ ಎಂದು ಕೇಳಲು ತಿರುಗಿದವಳು ಅವನ ಮುಖ ನೋಡಿ ಹಾಗೇ ನಿಂತೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದು ಹೋಯಿತು.

ಹೋದ ಭಾನುವಾರ ತಾನೇ ಆಕೆಯ ಜೊತೆ ಮಾತಾಡಿದ್ದೆ. ಮಾತು ಅಂದರೆ ಮಾತಲ್ಲ. ಕ್ವೇಸಿ ಫೋನಿನಲ್ಲಿ ವಿಡಿಯೋ ಹಾಕಿಕೊಡುತ್ತಿದ್ದ. ಆಕೆ ಅಲ್ಲಿಂದ ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು, ನಾನು ಇಲ್ಲಿಂದ ನನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದೆ. ಆಕೆ ಹೊಗೆ ಹಾಕಿದ ಮೀನು ತೋರಿಸಿದರೆ ನಾನು ದಂಟಿನ ಸೊಪ್ಪು ತೋರಿಸುತ್ತಿದ್ದೆ. ಇಬ್ಬರೂ ಮಂಡಿ ಮುಟ್ಟಿಕೊಂಡು ನೋವು ಎಂದು ಮುಖ ಕಿವುಚಿ, ಆಮೇಲೆ ಅದಕ್ಕೇ ನಗುತ್ತಿದ್ದೆವು. ಎಫುವಾ ಎಂದು ಹೆಸರು. ನಾನು ಎಫುವಮ್ಮ ಎನ್ನುತ್ತಿದ್ದೆ.

ಕ್ವೇಸಿ ನಮ್ಮ ತಾರಸಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವವನು. ಘಾನಾ ದೇಶದವನು. ಓದಲು ಬಂದು, ಓದು ಮುಗಿಸಿ, ಇಲ್ಲೇ ಫುಟ್‌ಬಾಲ್ ಆಡಿಕೊಂಡು ಕಲಿಸಿಕೊಂಡು ಉಳಿದ. ನಮ್ಮದು ಮಡಿವಾಳ ಕೆರೆಯ ಹಿಂದಿನ ಊರು. ಬಿಟಿಎಂ ಲೇಔಟ್ ಎನ್ನುವ ಹೆಸರು ಹುಟ್ಟುವ ಮೊದಲೇ ನಾವಿದ್ದೆವು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಮನೆ ಇದೆ. ಪಕ್ಕದಲ್ಲಿ ಉಳಿದ ತುಂಡು ನೆಲಕ್ಕೆ ನನ್ನ ಮಗ ಮನೋಜ ಪ್ಲಾಸ್ಟಿಕ್ ಹುಲ್ಲು ಹಾಸಿ, ಸುತ್ತ ಬಲೆ ಕಟ್ಟಿ, ಟರ್ಫ್ ಎಂದು ಬೋರ್ಡು ಹಾಕಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡುತ್ತಾನೆ. ಹೊಲಕ್ಕೆ ಪ್ಲಾಸ್ಟಿಕ್ ಹಾಸಿದವನಿಗೆ ತಟ್ಟೆಗೂ ಅದನ್ನೇ ಬಡಿಸುತ್ತೇನೆ ಎಂದು ನಾನು ಆಗ ಕೂಗಾಡಿದ್ದೆ. ಆ ಟರ್ಫಿನ ಮೂಲೆಯಲ್ಲಿ ನಮ್ಮ ಮಾವನವರ ಸಮಾಧಿ ಇದೆ. ಬಲೆ ಅದನ್ನು ಬಿಟ್ಟು ಬಳಸಿಕೊಂಡು ಹೋಗುತ್ತದೆ. ಅಲ್ಲಿ ಆಟ ಕಲಿಸುವವನೂ ಕ್ವೇಸಿಯೇ, ಮನೋಜನ ತಂಡದಲ್ಲಿ ಮುಂದೆ ನಿಂತು ಆಡುವವನೂ ಅವನೇ. ಅವನಿಗೆ ಮನೆ ಕೊಡಬೇಡ ಎಂದು ಜಗಳ ಆಡಿದವಳು ನಾನು. ಈಗ ಅವನಿಗೆ ಶೀತವಾದರೆ ಮೆಣಸಿನ ಸಾರು ಮಾಡುವವಳೂ ನಾನು.

ಒಲೆ ಆರಿಸಿದೆ. ಹಾಲು ಉಕ್ಕಿತೆಂದು ಆರಿಸಿದ್ದಲ್ಲ. ನಮ್ಮಲ್ಲಿ ಸಾವಾದರೆ ಹೆಣ ಎತ್ತುವ ತನಕ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೂ ಬಾಯಿಗೆ ಅನ್ನ ಇಡುವುದಿಲ್ಲ. ಮಣ್ಣಾದ ಮೇಲೆ ಸ್ನಾನ, ಆಮೇಲೆ ಊಟ. ಸತ್ತವಳು ಸಮುದ್ರದಾಚೆ ಇರಬಹುದು, ಆದರೆ ಅವಳ ಮಗ ನನ್ನ ಸೂರಿನ ಕೆಳಗಿದ್ದಾನೆ. ಸೂರಿಗೊಂದು ನ್ಯಾಯ, ದೇಶಕ್ಕೊಂದು ನ್ಯಾಯ ಇರುತ್ತದೆಯೇ? ಮನೋಜನಿಗೂ ಹೇಳಿದೆ, ಎಫುವಮ್ಮನನ್ನು ಎತ್ತುವ ತನಕ ಈ ಮನೆಯಲ್ಲಿ ಒಲೆ ಇಲ್ಲ ಎಂದು. ಅವನು ಹೂಂ ಎಂದು ತಲೆಯಾಡಿಸಿ, ಬೈಕ್ ಹತ್ತಿ ಯಾವುದೋ ದರ್ಶಿನಿಗೆ ಹೋಗಿ ಮಸಾಲೆ ದೋಸೆ ತಿಂದು ಬಂದ. ಕೈ ತೊಳೆದರೂ ಪಲ್ಯದ ವಾಸನೆ ಹೋಗಿರಲಿಲ್ಲ.

ಮಧ್ಯಾಹ್ನ ತಾರಸಿ ಹತ್ತಿ, "ಮಣ್ಣಾಯ್ತೇನಪ್ಪಾ?" ಅಂದೆ. ಕ್ವೇಸಿ ಹಾಸಿಗೆಯ ತುದಿಯಲ್ಲಿ ಕೂತಿದ್ದ. "ಇನ್ನೂ ಇಲ್ಲ ಅಮ್ಮ" ಅಂದ. ದೂರದ ನೆಂಟರು ಬರಬೇಕೇನೋ ಅಂದುಕೊಂಡು ಇಳಿದು ಬಂದೆ. ಸಂಜೆ ಕೇಳಿದೆ, ಇಲ್ಲ ಅಂದ. ಹೊತ್ತು ಮುಳುಗಿದ ಮೇಲೆ ಎತ್ತುವುದಿಲ್ಲವಲ್ಲ, ಬೆಳಿಗ್ಗೆ ಆಗುತ್ತದೆ ಎಂದು ಎರಡು ಲೋಟ ನೀರು ಕುಡಿದು ಮಲಗಿದೆ. ಬೆಳಿಗ್ಗೆ ಕೇಳಿದರೂ ಇಲ್ಲ. ನನಗೆ ಸಕ್ಕರೆ ಕಾಯಿಲೆ ಬೇರೆ. ಮಾತ್ರೆ ನುಂಗಿಬಿಟ್ಟಿದ್ದೆ, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮಧ್ಯಾಹ್ನ ಮತ್ತೊಮ್ಮೆ ಕೇಳೋಣವೆಂದು ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂತು. ಎರಡನೇ ಅಂತಸ್ತಿನ ಜಯಾ ಬಾಗಿಲು ತೆಗೆದವಳು ನನ್ನ ತೋಳು ಹಿಡಿದುಕೊಂಡಳು.

ಜಯಾ ಜಮಖಂಡಿ ಕಡೆಯ ಹುಡುಗಿ, ಯಾವುದೋ ಆಫೀಸಿನಲ್ಲಿ ಕೆಲಸ. ಕ್ವೇಸಿಯ ಇಂಗ್ಲಿಷು ನನಗೆ ತಿಳಿಯದಿದ್ದರೆ, ನನ್ನ ಕನ್ನಡ ಅವನಿಗೆ ತಿಳಿಯದಿದ್ದರೆ ನಡುವೆ ನಿಂತು ಹೇಳುವವಳು ಅವಳೇ. ಒಳಗೆ ಕೂರಿಸಿ, ಬಾಯಿಗೆ ಬೆಲ್ಲದ ಚೂರು ತುರುಕಲು ಬಂದಳು. ನಾನು ಬಾಯಿ ಮುಚ್ಚಿಕೊಂಡೆ.

"ಆಂಟಿ, ಯಾಕ್ರಿ ಹಿಂಗ ಉಪವಾಸ ಕುಂತೀರಿ?"

"ಹೆಣ ಎತ್ಲಿಲ್ಲ ಕಣಮ್ಮ ಇನ್ನೂ. ಎತ್ತೋ ತನಕ ತಿನ್ನೋ ಹಾಗಿಲ್ಲ."

ಜಯಾ ಬೆಲ್ಲ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದಳು. "ಆಂಟಿ, ಅವರು ಮಣ್ಣ ಕೊಡೂದು ಇನ್ನ ಮೂರು ತಿಂಗಳಿಗೆ ಅಂತ್ರಿ. ಕ್ವೇಸಿ ಅಣ್ಣ ನನಗ ನಿನ್ನೇನ ಹೇಳ್ಯಾನ."

ನನಗೆ ಅರ್ಥವೇ ಆಗಲಿಲ್ಲ. ಮೂರು ದಿನ ಇರಬೇಕು, ಇವಳ ಭಾಷೆಯಲ್ಲಿ ತಿಂಗಳು ಅಂದಳೇನೋ ಎಂದು ಬೆರಳು ತೋರಿಸಿ ಕೇಳಿದೆ. ತಿಂಗಳೇ. ಅವರ ಕಡೆ ಹಾಗೆಯೇ ಅಂತೆ. ಮನೆಗೆ ಬಣ್ಣ ಬಳಿಯಬೇಕಂತೆ, ಎಲ್ಲರೂ ಒಂದೇ ಥರದ ಬಟ್ಟೆ ಹೊಲಿಸಬೇಕಂತೆ. ಸುಣ್ಣ ಬಣ್ಣ ನಾವು ಮದುವೆಗೆ ಬಳಿಯುತ್ತೇವೆ, ಇವರು ಸಾವಿಗೆ ಬಳಿಯುತ್ತಾರಲ್ಲ ಎಂದು ತಲೆ ಗಿರ್ರೆಂದಿತು.

"ಅಲ್ಲಿ ತನಕ ಆಯಮ್ಮನ್ನ ಎಲ್ಲಿಟ್ಟಿರ್ತಾರೆ?"

"ದವಾಖಾನಿ ಫ್ರಿಜ್‌ನ್ಯಾಗ್ರಿ."

ಜಯಾಳ ಮನೆಯ ಫ್ರಿಜ್ಜು ನನ್ನ ಬೆನ್ನ ಹಿಂದೆಯೇ ಇತ್ತು. ಅದು ಆಗಲೇ ಗುರ್ರೆನ್ನಬೇಕೇ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಹೋದ ಭಾನುವಾರ ಮಂಡಿ ಮುಟ್ಟಿಕೊಂಡು ನಕ್ಕವಳು, ಮೂರು ತಿಂಗಳು ಹಿಮದಲ್ಲಿ. ನಾನೋ, ಎತ್ತುತ್ತಾರೆ ಎಂದು ಒಂದೂವರೆ ದಿನದಿಂದ ಕಾದು ಕೂತಿದ್ದೇನೆ. ಇವರ ಲೆಕ್ಕ ನಂಬಿಕೊಂಡರೆ ಅವಳಿಗಿಂತ ಮುಂಚೆ ನನ್ನನ್ನು ಎತ್ತಬೇಕಾಗುತ್ತಿತ್ತು ಎಂದೆ. ಜಯಾ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. ನನಗೆ ನಗು ಬರಲಿಲ್ಲ. ಬೆಲ್ಲ ಇಸಿದುಕೊಂಡು ತಿಂದೆ, ಕೆಳಗಿಳಿದು ಒಲೆಯನ್ನೂ ಹಚ್ಚಿದೆ.

ಅದೇ ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋದವಳು ಕೆಳಗೆ ನೋಡಿದೆ. ಟರ್ಫಿನಲ್ಲಿ ದೀಪ ಹಾಕಿದ್ದರು. ಕ್ವೇಸಿ ಚೆಂಡು ಒದೆಯುತ್ತಿದ್ದ. ಓಡುತ್ತಿದ್ದ, "ಪಾಸ್ ಮಾಡೋ ಮಗಾ" ಎಂದು ಕೂಗುತ್ತಿದ್ದ. ನನಗೆ ಕಂಡದ್ದನ್ನು ನಾನೇ ನಂಬಲಿಲ್ಲ. ಹೆತ್ತವಳು ಹೆಣವಾಗಿ ಬಿದ್ದಿದ್ದಾಳೆ, ಮಗ ಚೆಂಡಾಡುತ್ತಿದ್ದಾನೆ. ಅದೂ ನಮ್ಮ ಮಾವನವರು ಮಲಗಿರುವ ನೆಲದಲ್ಲಿ. ನನಗೆ ಸಿಟ್ಟು ಬಂದರೆ ಬೀದಿಯ ಕೊನೆಯ ಮನೆಗೂ ಗೊತ್ತಾಗುತ್ತದೆ. ಬಟ್ಟೆ ಅಲ್ಲೇ ಬಿಸಾಡಿ ಇಳಿದು ಬಂದು, ಎಲ್ಲರನ್ನೂ ಹೊರಗಟ್ಟಿ, ಟರ್ಫಿನ ಗೇಟಿಗೆ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮನೋಜ ಹಿಂದೆಯೇ ಬಂದ. "ಅಮ್ಮ, ಕೀ ಕೊಡು. ಹೊಸಕೆರೆಹಳ್ಳಿ ಟೂರ್ನಮೆಂಟ್ ನಡೀತಾ ಇದೆ. ಪ್ರಾಕ್ಟೀಸ್ ಇಲ್ದೆ ಹೆಂಗೆ ಆಡೋದು?"

"ಸತ್ತ ಮನೇಲಿ ಆಟ ಏನೋ? ಹೆಣ ಎತ್ತೋ ತನಕ ಈ ನೆಲದ ಮೇಲೆ ಚೆಂಡು ಉರುಳೋ ಹಾಗಿಲ್ಲ."

"ಮೂರು ತಿಂಗಳು ಮುಚ್ಚೋಕಾಗುತ್ತಾ? ಅಲ್ಲಮ್ಮ, ಆ ಡೇಟ್ ಹೇಳಿದ್ದೇ ಇವನು. ಫೈನಲ್ ಆದ್ಮೇಲೆ ಬರೋ ಶನಿವಾರ ಇಟ್ಕೊಳಿ ಅಂತ ಇವನೇ ಅವ್ರ ಮನೆಯವರಿಗೆ ಹೇಳಿರೋದು."

ಇದು ಹಿಂದಿನದ್ದಕ್ಕಿಂತ ಜೋರಾಗಿ ಬಡಿಯಿತು. ಫ್ರಿಜ್ಜು ಹೇಗೋ, ಅವರ ಪದ್ಧತಿ ಎಂದು ನುಂಗಿಕೊಳ್ಳಬಹುದು. ಚೆಂಡಾಟ ಮುಗಿಯಲಿ, ಆಮೇಲೆ ಬಂದು ಅಮ್ಮನನ್ನು ಮಣ್ಣು ಮಾಡುತ್ತೇನೆ ಎಂದು ಹೇಳುವ ಮಗನೂ ಉಂಟೇ? ಕ್ವೇಸಿ ಗೇಟಿನ ಪಕ್ಕದಲ್ಲೇ ನಿಂತಿದ್ದ. ಬಾಯಿಗೆ ಬಂದದ್ದೆಲ್ಲ ಅಂದೆ. ಕಟುಕ ಅಂದೆ, ಕಲ್ಲು ಅಂದೆ, ಇವತ್ತೇ ಕೋಣೆ ಖಾಲಿ ಮಾಡು ಅಂದೆ. ಅವನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋದ.

ಮಾರನೆಯ ಬೆಳಿಗ್ಗೆ ಜಯಾಳನ್ನು ಕರೆದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ. ನಾನು ಸೊಪ್ಪು ಬಿಡಿಸುತ್ತಾ ತಲೆ ಎತ್ತಲಿಲ್ಲ. ಅವನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದ, ಜಯಾ ತನ್ನ ಭಾಷೆಯಲ್ಲಿ ನನಗೆ ದಾಟಿಸುತ್ತಾ ಹೋದಳು.

ಅವನ ಅಕ್ಕ ಇಟಲಿಯಲ್ಲಿ ನರ್ಸು, ರಜೆ ಸಿಗುವುದು ಮೂರು ತಿಂಗಳ ಮೇಲೆ. ತಮ್ಮ ಹಡಗಿನಲ್ಲಿ ಕೆಲಸ, ಹಡಗು ದಡಕ್ಕೆ ಬರುವ ತನಕ ಅವನು ಇಳಿಯುವಂತಿಲ್ಲ. ಎಲ್ಲರೂ ಬಂದು ಸೇರುವ ತನಕ ಪೆಟ್ಟಿಗೆ ಮುಚ್ಚುವುದಿಲ್ಲ. ಒಬ್ಬರು ಬರಬೇಕಾಗಿದ್ದರೂ ಮುಚ್ಚುವುದಿಲ್ಲ. ಹೇಗೂ ಅಷ್ಟು ದಿನ ಆಗುತ್ತದಲ್ಲ, ಯಾವ ಶನಿವಾರ ಆಗಬಹುದು ಎಂದು ಸೋದರಮಾವ ಇವನನ್ನು ಕೇಳಿದರು. ಇವನು ಫೈನಲ್ ಮುಗಿದ ಮೇಲಿನದು ಎಂದ.

"ನಿನ್ನೆ ಯಾಕ ಆಡಿದಿ ಅಂತ ಕೇಳಿದ್ದಕ್ಕ ಹೇಳ್ಯಾನ್ರಿ" ಎಂದಳು ಜಯಾ. "ಕೋಣ್ಯಾಗ ಕುಂತರ ಬರೇ ಅವ್ವನ ದನೀನ ಕೇಳಸ್ತೈತಂತ. ಚೆಂಡಿನ ಹಿಂದ ಓಡಿದ್ರ ಅಷ್ಟೊತ್ತು ಉಸಿರಾಡಾಕ ಆಗ್ತೈತಂತ."

ಸೊಪ್ಪು ಬಿಡಿಸುತ್ತಿದ್ದ ನನ್ನ ಕೈ ನಿಂತಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮಾತಲ್ಲ, ಅದಕ್ಕೆ ಹಿಂದಿನದು.

"ಏನಂದೆ? ಒಬ್ಬರು ಬರದೆ ಇದ್ರೂ ಮುಚ್ಚಲ್ವಾ?"

"ಇಲ್ಲ ಅಮ್ಮ" ಅಂದ ಕ್ವೇಸಿ, ಕನ್ನಡದಲ್ಲೇ. "ಕಾಯ್ತಾರೆ."

"ಹೆಣ್ಣುಮಗಳಾದ್ರೂ?"

ಅವನಿಗೆ ಪ್ರಶ್ನೆ ತಿಳಿಯಲಿಲ್ಲ. ಜಯಾಳ ಮುಖ ನೋಡಿದ. ಅವಳು ಹೇಳಿದ ಮೇಲೂ ತಿಳಿಯಲಿಲ್ಲ. "ಅಕ್ಕನೂ ಮಗಳೇ ಅಲ್ವಾ ಅಮ್ಮ" ಅಂದ.

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅವರಿಬ್ಬರೂ ಗಾಬರಿಯಾದರು. ಮನೋಜನಿಗೂ ಎಂದೂ ಹೇಳದಿದ್ದನ್ನು ಆ ಇಬ್ಬರಿಗೆ ಹೇಳಿದೆ. ನನ್ನವ್ವ ಸತ್ತಾಗ ನನಗೆ ಇಪ್ಪತ್ತೆರಡು. ತವರು ಕನಕಪುರದ ಕಡೆ. ಸುದ್ದಿ ತಂದವನು ಬಸ್ಸಿನಲ್ಲಿ ಬಂದು ಹೇಳಿದ, ನಾನು ಉಟ್ಟ ಸೀರೆಯಲ್ಲೇ ಹೊರಟೆ. ಒಂದು ಬಸ್ಸು ಕೆಟ್ಟು ನಿಂತಿತು, ಇನ್ನೊಂದು ಬರಲಿಲ್ಲ, ಎತ್ತಿನ ಗಾಡಿ ಹತ್ತಿಕೊಂಡೆ, ಕೊನೆಗೆ ಓಡಿದೆ. ದೀಪ ಹಚ್ಚುವ ಹೊತ್ತಿಗೆ ಊರು ಸೇರಿದೆ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಿ ಮುಗಿಸಿದ್ದರು. ಗುಂಡಿಯ ಮೇಲಿನ ಮಣ್ಣು ಇನ್ನೂ ಹಸಿಯಾಗಿತ್ತು. ಇನ್ನೊಂಚೂರು ಹೊತ್ತು ಇಡಬಾರದಿತ್ತೇ ಎಂದು ನಮ್ಮಣ್ಣನ ಅಂಗಿ ಹಿಡಿದು ಎಳೆದಾಡಿದೆ. "ಎಷ್ಟೊತ್ತು ಅಂತ ಇಟ್ಕೊಳದು? ಮಗ ನಾನಿದ್ನಲ್ಲ, ನೀನು ಕೊಟ್ಟ ಹೆಣ್ಣು" ಅಂದ. ನಮ್ಮವ್ವನ ಮುಖ ನಾನು ನೋಡಲಿಲ್ಲ. ಈಗ ಎಷ್ಟೋ ಸಲ ಆ ಮುಖ ಹೇಗಿತ್ತೆಂದು ನೆನಪಿಗೇ ಬರುವುದಿಲ್ಲ. ಆ ಕಾಲದಲ್ಲಿ ನಮ್ಮಂಥವರ ಮನೆಯಲ್ಲಿ ಫೋಟೋ ಎಲ್ಲಿಂದ ಬರಬೇಕು.

ಕ್ವೇಸಿ ಒಳಗೆ ಬಂದು ನನ್ನ ಪಕ್ಕ ನೆಲದ ಮೇಲೆ ಕೂತ. ಸೊಪ್ಪಿನ ಕಟ್ಟು ತೆಗೆದುಕೊಂಡು ಬಿಡಿಸತೊಡಗಿದ. ಅದಕ್ಕೂ ಬರುವುದಿಲ್ಲ ಅವನಿಗೆ, ಎಲೆ ಬಿಸಾಡಿ ದಂಟು ಇಟ್ಟುಕೊಳ್ಳುತ್ತಿದ್ದ. ಸೊಂಟದ ಕೀಲಿ ತೆಗೆದು ಅವನ ಕೈಗೆ ಕೊಟ್ಟೆ. "ಹೋಗಿ ಓಡು ಹೋಗು" ಅಂದೆ.

ಆಮೇಲೆ ದಿನಗಳು ಉರುಳಿದವು. ವಾರಕ್ಕೊಂದು ಆಟದಂತೆ ಟೂರ್ನಮೆಂಟು ನಡೆಯಿತು. ಮನೋಜನ ತಂಡ ಹುಟ್ಟಿದಾಗಿನಿಂದ ಎರಡನೇ ಸುತ್ತು ದಾಟಿರಲಿಲ್ಲ. ಈ ಸಲ ಕ್ವೇಸಿ ಅವರನ್ನು ಫೈನಲ್ ತನಕ ಎಳೆದು ತಂದ. ಕಪ್ಪು ಪಟ್ಟಿ ತೋಳಿಗೆ ಕಟ್ಟಿಕೊಂಡು ಆಡುತ್ತಿದ್ದ. ಎದುರಿಗೆ ಹೊಸಕೆರೆಹಳ್ಳಿಯವರದೇ ತಂಡ. ಫೈನಲ್ ಭಾನುವಾರ, ಕ್ವೇಸಿ ವಿಮಾನ ಹತ್ತುವುದು ಬುಧವಾರ, ಎಫುವಮ್ಮನನ್ನು ಎತ್ತುವುದು ಶನಿವಾರ. ನಾನು ಅವಳ ಪೆಟ್ಟಿಗೆಯಲ್ಲಿಡಲು ಒಂದು ಹೊಸ ಸೀರೆ ತಂದು ಅವನ ಬ್ಯಾಗಿಗೆ ಹಾಕಿದೆ.

ಶುಕ್ರವಾರದಿಂದ ಮಳೆ ಹಿಡಿಯಿತು. ಹೊಸಕೆರೆಹಳ್ಳಿಯ ಆ ಮೈದಾನ ಕೆರೆಯ ಪಕ್ಕದ್ದು, ಮಂಡಿಯುದ್ದ ನೀರು ನಿಂತಿತು. ಫೈನಲ್ ಮುಂದಕ್ಕೆ ಹೋಯಿತು. ಎಂದಿಗೆ ಎಂದರೆ ಅದೇ ಶನಿವಾರಕ್ಕೆ. ಮನೋಜ ತಲೆಯ ಮೇಲೆ ಕೈ ಹೊತ್ತು ಜಗಲಿಯಲ್ಲಿ ಕೂತ. ಕ್ವೇಸಿ ಅವನನ್ನೊಮ್ಮೆ ನೋಡಿ, "ಬಿಡು ಮಗಾ, ನಾನು ಮಾವನಿಗೆ ಹೇಳ್ತೀನಿ. ಇನ್ನೊಂದು ವಾರ ಇಟ್ಕೊಳ್ತಾರೆ" ಅಂದ.

ಇವನು ಹೇಳಿಬಿಟ್ಟರೆ ಅವರು ಇಟ್ಟುಕೊಳ್ಳುತ್ತಾರೆ ಎನ್ನುವುದೇ ನನಗೆ ದಿಗಿಲು. ಅಷ್ಟು ಒಳ್ಳೆಯ ಜನ ಅವರು.

"ಏನೋ ಅಂದೆ? ಕಾಯೋರು ಸಿಕ್ಕಿದ್ರು ಅಂತ ಕಾಯಿಸ್ತಾನೇ ಇರ್ತೀಯಾ? ಕಾಯ್ತಾಳೆ ಅವಳು, ತಾಯಲ್ವಾ. ನಿಂಗೆ ನಾಚಿಕೆ ಆಗ್ಬೇಕು. ಬುಧವಾರ ನೀನು ಹೋಗ್ದೆ ಇದ್ರೆ ನಾನೇ ಕತ್ತು ಹಿಡಿದು ವಿಮಾನಕ್ಕೆ ಹತ್ತಿಸ್ತೀನಿ."

"ಮಾತು ಕೊಟ್ಟಿದೀನಿ ಅಮ್ಮ, ಟೀಮ್‌ಗೆ" ಅಂದ ಅವನು.

ಎತ್ತು ಏರಿಗೆಳೆದರೆ ಕೋಣ ನೀರಿಗೆ. ಇವರ ಜೊತೆ ಮಾತಾಡಿ ಫಲವಿಲ್ಲವೆಂದು ಆಟೋ ಹಿಡಿದು ಹೊಸಕೆರೆಹಳ್ಳಿಗೆ ಹೊರಟೆ. ಟೂರ್ನಮೆಂಟು ನಡೆಸುವವನು ಅಲ್ಲಿಯ ಯಲ್ಲಯ್ಯ. ಅವರೂ ನಮ್ಮ ಹಾಗೆಯೇ ಹಳೇ ಊರಿನವರು. ಅವನಿಗೂ ನಮ್ಮ ಯಜಮಾನರು ಚಿಕ್ಕಬೈರಪ್ಪನವರಿಗೂ ಒಂದು ಬೀಗರೂಟದಲ್ಲಿ ಮಾಂಸದ ತುಂಡಿನ ವಿಷಯಕ್ಕೆ ಜಗಳವಾಗಿ, ಮಾತು ಬಿಟ್ಟು, ಯಜಮಾನರು ತೀರಿಕೊಂಡ ಮೇಲೂ ಆ ಮಾತು ಕೂಡಿರಲಿಲ್ಲ. ಆಟೋದಲ್ಲಿ ಕೂತು ಅವನಿಗೆ ಯಾವ ಯಾವ ಬೈಗುಳ ಬೈಯಬೇಕೆಂದು ಒಂದೊಂದಾಗಿ ಜೋಡಿಸಿಕೊಂಡೆ.

ಯಲ್ಲಯ್ಯ ಬಾಗಿಲಲ್ಲೇ ನಿಂತಿದ್ದ. ನನ್ನನ್ನು ಕಂಡು ಅವನ ಹುಬ್ಬು ಮೇಲೆ ಹೋಯಿತು.

"ಯಲ್ಲಯ್ಯ, ನಮ್ಮನೇಲಿ ಸಾವಾಗಿದೆ. ಹೆಣ ಇನ್ನೂ ಎತ್ತಿಲ್ಲ" ಅಂದೆ.

ಅವನು ಹೆಗಲ ಮೇಲಿನ ಟವೆಲ್ಲು ತೆಗೆದು ಕೈಗೆ ಹಿಡಿದುಕೊಂಡ. ಒಳಗೆ ತಿರುಗಿ ಚಪ್ಪಲಿ ತರಲು ಕೂಗಿದ. "ಯಾರಕ್ಕ? ಯಾವಾಗ?"

"ನಮ್ಮ ಕ್ವೇಸಿ ತಾಯಿ. ಮೂರು ತಿಂಗಳಾಯ್ತು."

ಯಲ್ಲಯ್ಯ ಜಗಲಿ ಕಟ್ಟೆಯ ಮೇಲೆ ಕೂತುಬಿಟ್ಟ. ಅವನ ಮುಖ ನೋಡಿದಾಗ ನನಗೆ ಜಯಾಳ ಮನೆಯಲ್ಲಿ ನನ್ನ ಮುಖ ಹೇಗಿದ್ದಿರಬೇಕೆಂದು ಗೊತ್ತಾಯಿತು. ಎಲ್ಲ ಬಿಡಿಸಿ ಹೇಳಿದೆ. ಫ್ರಿಜ್ಜಿನ ಮಾತು ಬಂದಾಗ ಅವನು "ಶಿವ ಶಿವ" ಎಂದು ಕಣ್ಣು ಮುಚ್ಚಿಕೊಂಡ. ನಾನು ಜೋಡಿಸಿಕೊಂಡು ಬಂದಿದ್ದ ಬೈಗುಳಕ್ಕೆ ಕೆಲಸವೇ ಬರಲಿಲ್ಲ.

"ಇದನ್ನ ಕೇಳೋಕೆ ನೀವು ಬರ್ಬೇಕಿತ್ತಾ ನಾರಾಯಣಮ್ಮಕ್ಕ? ಒಂದು ಫೋನ್ ಮಾಡಿದ್ರೆ ಆಗೋದು" ಅಂದ. "ಮಂಗಳವಾರನೇ ಆಡಿಸ್ತೀನಿ. ನೀರು ನಿಂತಿದ್ರೆ ಪಂಪ್ ಹಾಕಿಸ್ತೀನಿ. ಸಾವಿನ ಮುಂದೆ ಎಂಥ ಹಗೆ." ಇಷ್ಟು ವರ್ಷ ಈ ಮನುಷ್ಯನ ಮನೆಯ ಮುಂದೆ ಹಾದುಹೋಗುವಾಗ ನಾನು ನೆಲಕ್ಕೆ ಉಗಿದು ಹೋಗುತ್ತಿದ್ದೆ.

ಮಂಗಳವಾರ ನಾನೂ ಜಯಾಳೂ ಆಟ ನೋಡಲು ಹೋದೆವು. ಇಷ್ಟು ದಿನ ಅಲ್ಲಿ ತಮಟೆಯ ಸದ್ದಿಗೆ ಕಿವಿ ಕಿತ್ತುಹೋಗುತ್ತಿತ್ತಂತೆ. ಅವತ್ತು ತಮಟೆಯವರು ಮರದ ಕೆಳಗೆ ಸುಮ್ಮನೆ ಕೂತಿದ್ದರು. ಆಡುವವನ ಮನೆಯಲ್ಲಿ ಸಾವಾಗಿದೆ, ಬಾರಿಸಬೇಡಿ ಎಂದು ಯಲ್ಲಯ್ಯ ಹೇಳಿದ್ದ. ಎದುರಾಳಿ ಹುಡುಗರೆಲ್ಲ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದಿದ್ದರು. ಅಷ್ಟು ಜನ ಸೇರಿಯೂ ಆ ಮೈದಾನದಲ್ಲಿ ಚೆಂಡಿನ ಸದ್ದು, ಬೂಟಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಕ್ವೇಸಿ ಒಂದು ಗೋಲು ಹೊಡೆದ. ಅವರು ಎರಡು ಹೊಡೆದರು. ಕೊನೆಯಲ್ಲಿ ಕ್ವೇಸಿಗೇ ಪೆನಾಲ್ಟಿ ಸಿಕ್ಕಿತು, ಅವನು ಒದ್ದದ್ದು ಕಂಬಕ್ಕೆ ಬಡಿದು ಆಚೆ ಹೋಯಿತು. ಸೋತರು. ಮನೋಜ ಹುಲ್ಲಿನ ಮೇಲೆ ಮಲಗಿಬಿಟ್ಟ. ಗೆದ್ದವರು ಕುಣಿಯಲಿಲ್ಲ. ಅವರ ಗೋಲ್‌ಕೀಪರ್ ಓಡಿ ಬಂದು ಕ್ವೇಸಿಯನ್ನು ತಬ್ಬಿಕೊಂಡು ಅಳತೊಡಗಿದ. ಮಾರನೆಯ ದಿನ ಟೆಂಪೋ ಮಾಡಿಕೊಂಡು ಬಂದು ಅವನನ್ನು ಏರ್‌ಪೋರ್ಟಿಗೆ ಬಿಟ್ಟು ಬಂದವರೂ ಆ ಹೊಸಕೆರೆಹಳ್ಳಿಯ ಹುಡುಗರೇ.

ಶನಿವಾರ ನಾನು ಒಲೆ ಹಚ್ಚಲಿಲ್ಲ. ಮಾತ್ರೆ ನುಂಗದೆ ಪಕ್ಕಕ್ಕಿಟ್ಟೆ, ಅಷ್ಟು ಬುದ್ಧಿ ಬಂದಿತ್ತು. ಅಲ್ಲಿ ಬೆಳಗಾಗುವಾಗ ಇಲ್ಲಿ ಮಧ್ಯಾಹ್ನವಂತೆ. ಮಣ್ಣಾದ ಮೇಲೆ ಮನೋಜನ ಫೋನಿಗೆ ಕ್ವೇಸಿ ತಿಳಿಸುತ್ತಾನೆ, ಆಮೇಲೆ ಸ್ನಾನ ಮಾಡಿದರಾಯಿತು ಎಂದು ಹಜಾರದಲ್ಲಿ ಕೂತೆ. ಜಯಾ ಊರಿಗೆ ಹೋಗಿದ್ದಳು. ಮನೋಜ ಬೆಳಿಗ್ಗೆಯೇ ಬಲೆ ತರುತ್ತೇನೆಂದು ಎಲೆಕ್ಟ್ರಾನಿಕ್ ಸಿಟಿ ಕಡೆ ಹೋದವನು, ಬರುವಾಗ ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಹಾಕಿಕೊಂಡ. ಊರೆಲ್ಲ ನೀರು, ಎರಡು ಬಸ್ಸು ಕೆಟ್ಟು ಅಡ್ಡ ನಿಂತಿದ್ದವಂತೆ. ಕಾದು ಕಾದು ಕಣ್ಣು ಎಳೆಯತೊಡಗಿತು.

ಮನೋಜ ಒಳಗೆ ಬಂದಾಗ ಹೊತ್ತು ಇಳಿದಿತ್ತು. ಬಟ್ಟೆಯೆಲ್ಲ ಕೆಸರು, ಗಾಡಿ ಎಲ್ಲೋ ನಿಲ್ಲಿಸಿ ಓಡಿ ಬಂದಿದ್ದ. ಏದುಸಿರು ಬಿಡುತ್ತಾ ಫೋನು ನನ್ನ ಕೈಗಿಟ್ಟ.

"ಅಮ್ಮ, ಕ್ವೇಸಿ ಆಗಿನಿಂದ ಕಾಲ್ ಮಾಡ್ತಾನೇ ಇದಾನೆ. ನೀನೆಲ್ಲಿ ಅಂತ ಕೇಳ್ದ. ಮನೇಲಿದಾಳೆ, ನಾನು ಟ್ರಾಫಿಕಲ್ಲಿದೀನಿ ಅಂದೆ. ಮನೆ ತಲುಪು, ಕಾಯ್ತೀವಿ ಅಂದ. ಅವನೊಬ್ಬನೇ ಕಾಯ್ತಾನೆ ಅಂದ್ಕೊಂಡಿದ್ದೆ."

ಫೋನಿನಲ್ಲಿ ಒಂದು ದೊಡ್ಡ ಅಂಗಳ ಕಂಡಿತು. ಶಾಮಿಯಾನ ಹಾಕಿದ್ದರು. ಕೆಂಪು ಕಪ್ಪು ಬಟ್ಟೆ ಉಟ್ಟ ಜನ, ನೂರಾರು ಜನ, ಸಾಲಾಗಿ ಎದ್ದು ನಿಂತಿದ್ದರು. ಎಲ್ಲರ ಕಣ್ಣೂ ನನ್ನ ಕಡೆಗೆ. ಅವರೆಲ್ಲ ಯಾಕೆ ನನ್ನನ್ನು ನೋಡುತ್ತಿದ್ದಾರೆಂದು ತಿಳಿಯದೆ ಸೆರಗು ಹೊದ್ದುಕೊಂಡೆ. ಕ್ವೇಸಿಯ ಮುಖ ಅಡ್ಡ ಬಂತು. ಅವನ ಪಕ್ಕದಲ್ಲಿ ಬಿಳಿ ಕೂದಲಿನ ಮುದುಕ, ಸೋದರಮಾವ. ಆತ ಏನೋ ಹೇಳಿದ, ಕ್ವೇಸಿ ತನ್ನ ಟರ್ಫಿನ ಕನ್ನಡದಲ್ಲಿ ನನಗೆ ಹೇಳಿದ.

"ಅಮ್ಮ, ಮಾವ ಹೇಳ್ತಾರೆ. ನಮ್ಮಕ್ಕ ಎಫುವಾ ಹೋದಾಗ ಇಂಡಿಯಾದಲ್ಲಿ ಒಬ್ರು ಊಟ ಬಿಟ್ಟು ಕೂತಿದ್ರು. ಅವ್ರೂ ಮನೆಯವರೇ. ಅವ್ರು ಮುಖ ನೋಡ್ದೆ ನಾವು ಮುಚ್ಚೋ ಹಾಗಿಲ್ಲ."

"ಎಷ್ಟೊತ್ತಿನಿಂದ ನಿಂತಿದಾರೋ ಅವ್ರೆಲ್ಲ?" ಅಂದೆ. ಕ್ವೇಸಿ ಫೋನು ಹಿಡಿದು ನಡೆದ. ಜನ ಸರಿದು ದಾರಿ ಬಿಟ್ಟರು. ಅವನ ಅಕ್ಕ ಇರಬೇಕು, ಒಬ್ಬಾಕೆ ಪೆಟ್ಟಿಗೆಯ ಮೇಲಿನ ತೆಳು ಬಟ್ಟೆ ಸರಿಸಿದಳು.

ಎಫುವಮ್ಮ ಮಲಗಿದ್ದಳು. ಮೂರು ತಿಂಗಳಾಯಿತೆಂದು ಯಾರೂ ಹೇಳಲಾರರು. ಕಿವಿಯಲ್ಲಿ ಓಲೆ, ಹಣೆ ನುಣ್ಣಗೆ, ತುಟಿ ಒಂದು ಪಕ್ಕಕ್ಕೆ ತುಸು ಎಳೆದಂತಿತ್ತು. ಎದೆಯ ಮೇಲೆ ನಾನು ಕೊಟ್ಟ ಸೀರೆ ಮಡಿಸಿ ಇಟ್ಟಿದ್ದರು. ನಾನು ಹೆದರಿಕೊಂಡಿದ್ದೆ, ಹೆದರಿಕೆ ಆಗಲಿಲ್ಲ. ಸತ್ತ ತಾಯಿಯ ಮುಖ ಹೀಗಿರುತ್ತದೆಯೇ, ಇಷ್ಟು ಸಮಾಧಾನವಾಗಿ ಇರುತ್ತದೆಯೇ ಎಂದು ನೋಡಿದೆ. ಹಣೆ ನೋಡಿದೆ, ಮುಚ್ಚಿದ ಕಣ್ಣು ನೋಡಿದೆ, ಕೆನ್ನೆಯ ಸುಕ್ಕು ನೋಡಿದೆ. "ನಿನ್ನ ಮಗ ಸೋತ ಕಣವ್ವ, ಆದ್ರೂ ಚೆನ್ನಾಗಿ ಆಡ್ದ" ಅಂದೆ. ಮನೋಜ ನನ್ನ ಬೆನ್ನ ಹಿಂದೆ ನಿಂತು ಬಿಕ್ಕುತ್ತಿದ್ದ.

ಆ ಮುದುಕ ಮತ್ತೆ ಏನೋ ಕೇಳಿದ.

"ಅಮ್ಮ" ಅಂದ ಕ್ವೇಸಿ. "ಮುಚ್ಚಬಹುದಾ ಅಂತ ಮಾವ ಕೇಳ್ತಾ ಇದಾರೆ. ನಿಮ್ಮನ್ನ."

ನನ್ನನ್ನು. ಆರು ಜನ ಮುಚ್ಚಳ ಹಿಡಿದು ತಯಾರಾಗಿ ನಿಂತಿದ್ದರು. ಹೂಂ ಅಂದುಬಿಡು, ಪಾಪ ಅವರಿಗೂ ಹೊತ್ತಾಯಿತು ಎಂದು ಮನೋಜ ಕಿವಿಯಲ್ಲಿ ಹೇಳಿದ. ನನಗೂ ಹಾಗೇ ಅನ್ನಬೇಕೆಂದಿತ್ತು. ಬಾಯಿಂದ ಬಂದದ್ದು ಬೇರೆ.

"ಇನ್ನೊಂಚೂರು ಹೊತ್ತು ಇರ್ಲಪ್ಪ" ಅಂದೆ.

ಕ್ವೇಸಿ ಅದನ್ನು ತನ್ನ ಭಾಷೆಯಲ್ಲಿ ಹೇಳಿದ. ಮುದುಕ ತಲೆಯಾಡಿಸಿ ಹಿಂದಕ್ಕೆ ತಿರುಗಿ ಕೈ ಎತ್ತಿದ. ಹಿಡಿದಿದ್ದವರು ಮುಚ್ಚಳವನ್ನು ಕೆಳಗಿಟ್ಟರು. ನಿಂತಿದ್ದ ಅಷ್ಟೂ ಜನ ಕುರ್ಚಿ ಎಳೆದುಕೊಂಡು ಮತ್ತೆ ಕೂತರು.